ಮುಟ್ಟದೆ ಸಾಕಿದ ಮೇಕೆಗಳು

“ಬುದ್ಧೀ, ನಾಳೆ ಕಳೆದುಕೊಳ್ಳಲೇಬೇಕಾದ ಜೀವವನ್ನು ಇವತ್ತು ಯಾಕೆ ಹಚ್ಚಿಕೊಳ್ಳಬೇಕು? ಮೊದಲಿನಿಂದಲೇ ದೂರ ಇದ್ದುಬಿಟ್ಟರೆ ನೋವೇ ಇರುವುದಿಲ್ಲವಲ್ಲ?”

ಹೀಗೆ ಕೇಳಿದವನು ಗುರುಸಿದ್ಧ, ಮಠದ ಶಿಷ್ಯ. ಮಠದಲ್ಲಿ ಅಡುಗೆ ಮಾಡಿಕೊಂಡಿದ್ದ ಮುದುಕ ಪಂಪಣ್ಣ ಹಾಸಿಗೆ ಹಿಡಿದ ಮೇಲೆ ಅವನ ಆರೈಕೆ ಗುರುಸಿದ್ಧನ ಪಾಲಿಗೆ ಬಂದಿತ್ತು. ಮೈ ಒರೆಸುವುದು, ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು ಎಲ್ಲ ಅವನೇ. ಮಾಡುತ್ತ ಮಾಡುತ್ತ ಮುದುಕನ ಮೇಲೆ ಜೀವ ಹತ್ತಿಬಿಟ್ಟಿತ್ತು. ಈಗ ವೈದ್ಯರು ಬಂದು ನೋಡಿ, ಇನ್ನು ಇವರು ಉಳಿಯುವುದಿಲ್ಲ ಎಂದು ಹೇಳಿ ಹೋಗಿದ್ದರು. ಅಂದಿನಿಂದ ಗುರುಸಿದ್ಧನಿಗೆ ಆ ಕೋಣೆಯ ಹೊಸ್ತಿಲು ದಾಟುವುದೇ ಕಷ್ಟವಾಯಿತು. ತನ್ನನ್ನು ತೋಟದ ಕೆಲಸಕ್ಕೆ ಹಾಕಿ, ಆರೈಕೆಗೆ ಬೇರೆ ಯಾರನ್ನಾದರೂ ನೇಮಿಸಿ ಎಂದು ಬೇಡಿಕೊಳ್ಳಲು ಬಂದಿದ್ದ. ಅದನ್ನು ನೇರವಾಗಿ ಕೇಳಲು ನಾಲಿಗೆ ಏಳಲಿಲ್ಲ. ಹಾಗಾಗಿ ವೇದಾಂತದ ದಾರಿ ಹಿಡಿದ.

ಗುರುಗಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ತಲೆ ಎತ್ತದೆ ಮೊರವನ್ನು ಅವನತ್ತ ಸ್ವಲ್ಪ ಸರಿಸಿದರು.

“ಕೂತುಕೊಂಡು ಸುಲಿ. ಒಬ್ಬ ಮೇಕೆ ಸಾಕುವವನ ಕತೆ ಹೇಳುತ್ತೇನೆ.”

“ಮೇಕೆಯ ಕತೆಯೇ?”

“ಹೂಂ. ಅದೂ ಮಾಂಸಕ್ಕೆ ಸಾಕುವ ಮೇಕೆ. ಯಾಕೆ, ಕೈ ಹಿಂದಕ್ಕೆ ಯಾಕೆ ಎಳೆದುಕೊಂಡೆ? ಕತೆಯಲ್ಲಿ ಬಂದರೆ ಮಠಕ್ಕೆ ಮೈಲಿಗೆಯಾಗುವುದಿಲ್ಲ. ಸುಮ್ಮನೆ ಕೇಳು.”

ಗುರುಗಳು ಹೇಳತೊಡಗಿದರು.

ಒಂದು ಗುಡ್ಡದ ಬುಡದಲ್ಲಿ ಬೋರಯ್ಯ ಅಂತ ಒಬ್ಬನಿದ್ದ. ಹೆಂಡತಿ ಚಿಕ್ಕ ವಯಸ್ಸಿಗೇ ತೀರಿಹೋಗಿದ್ದಳು. ಮಕ್ಕಳಿಲ್ಲ. ಒಂದು ಮನೆ, ಮನೆಯ ಹಿಂದೆ ಮುಳ್ಳುಬೇಲಿ ಕಟ್ಟಿದ ಒಂದು ರೊಪ್ಪ, ರೊಪ್ಪದ ತುಂಬ ಮೇಕೆ. ನಂದಿದುರ್ಗದ ತಳಿ. ಬಿಳಿ ಮೈ, ಜೋಲು ಕಿವಿ, ಗಟ್ಟಿ ಕಾಲು. ಹಾಲಿಗಿಂತ ಮಾಂಸಕ್ಕೆ ಹೆಸರಾದ ತಳಿ ಅದು. ಸಾಕುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಗೊತ್ತಿಲ್ಲದಿರುವುದು ಮೇಕೆಗೆ ಮಾತ್ರ.

ಬೋರಯ್ಯ ಆಗಿನ್ನೂ ಈ ಕಸುಬಿಗೆ ಹೊಸಬ. ಒಂದು ತಾಯಿಮೇಕೆ ಈಯುವಾಗಲೇ ಸತ್ತಿತು. ಗಂಡುಮರಿ ಉಳಿಯಿತು. ಬೇರೆ ತಾಯಿಯ ಮೊಲೆಗೆ ಬಿಟ್ಟರೆ ಅದು ಒದ್ದು ಅಟ್ಟಿತು. ಕೊನೆಗೆ ಬೋರಯ್ಯನೇ ಬಟ್ಟೆಯ ಬತ್ತಿಯನ್ನು ಹಾಲಿಗೆ ಅದ್ದಿ ಅದರ ಬಾಯಿಗಿಟ್ಟ. ಮರಿ ಚೀಪಿತು. ಬತ್ತಿಯ ಜೊತೆಗೆ ಇವನ ಬೆರಳನ್ನೂ ಚೀಪಿತು. ಅಲ್ಲಿಗೆ ಮುಗಿಯಿತು ನೋಡು. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಅವನನ್ನು ಬೇಕು ಅಂತ ಮುಟ್ಟಿದ ಜೀವ ಅದೊಂದೇ.

ಮರಿ ಅವನ ಹಿಂದೆಯೇ ತಿರುಗುತ್ತ ಬೆಳೆಯಿತು. ಅವನು ಮುದ್ದೆ ತಿರುವುವಾಗ ಒಲೆಯ ಹತ್ತಿರ ನಿಲ್ಲುತ್ತಿತ್ತು. ಕಂಬಳಿಯ ಅಂಚು ಕಡಿಯುತ್ತಿತ್ತು. ಅವನು ಬೈದರೆ ಇನ್ನೂ ಹತ್ತಿರ ಬಂದು ಹಣೆಯಿಂದ ಅವನ ಮಂಡಿಗೆ ಗುದ್ದುತ್ತಿತ್ತು. “ಎಲಾ ಭಂಡ, ನಿನಗೆ ಮಾನ ಮರ್ಯಾದೆ ಇದೆಯಾ?” ಅಂತ ಅವನು ನಗುತ್ತಿದ್ದ. ಒಬ್ಬಂಟಿ ಮನುಷ್ಯ, ಬೈಯಲಿಕ್ಕಾದರೂ ಒಂದು ಕಿವಿ ಬೇಕಲ್ಲ.

ಆದರೆ ಗಂಡುಮೇಕೆಗಳನ್ನೆಲ್ಲ ರೊಪ್ಪದಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ. ಬೀಜಕ್ಕೆ ಒಂದು ಹೋತ ಸಾಕು, ಅದನ್ನೂ ಬೇರೆ ಮಂದೆಯಿಂದ ತರಬೇಕು. ಸ್ವಂತ ರಕ್ತದಲ್ಲೇ ಕೂಡಿಸಿದರೆ ತಳಿ ಕೆಡುತ್ತದೆ. ಮೈ ತುಂಬಿದ ಗಂಡು ಅಂಗಡಿಗೆ ಹೋಗಲೇಬೇಕು. ಹೊತ್ತು ಬಂತು. ಪೇಟೆಯಲ್ಲಿ ಮಾಂಸದಂಗಡಿ ಇಟ್ಟಿದ್ದ ಪೀರ್ ಸಾಬ್ ಎಂಬವನಿಗೆ ಬೋರಯ್ಯ ಮಾತು ಕೊಟ್ಟ.

ನಮ್ಮ ಸೀಮೆಯಲ್ಲಿ ಒಂದು ವಾಡಿಕೆ ಉಂಟು. ದನವಾಗಲಿ ಮೇಕೆಯಾಗಲಿ, ಮಾರಿದವನು ಕೊರಳ ಹಗ್ಗವನ್ನು ಬಿಚ್ಚಿಕೊಂಡು ಮನೆಗೆ ತರುತ್ತಾನೆ. ಪ್ರಾಣಿ ಹೋದರೂ ಅದರ ಹಗ್ಗ ಮನೆಯಲ್ಲಿರಲಿ, ರೊಪ್ಪ ಬರಿದಾಗದಿರಲಿ ಅಂತ. ಬೋರಯ್ಯನ ಮೇಕೆಗೆ ಹಗ್ಗವೇ ಇರಲಿಲ್ಲ. ಅದು ಪೇಟೆಯವರೆಗೂ ಅವನ ಪಕ್ಕದಲ್ಲಿ ತಾನಾಗಿಯೇ ನಡೆದು ಬಂದಿತ್ತು. ಅಂಗಡಿಯ ಮುಂದೆ ಅವನು ವಾಪಸ್ಸು ತಿರುಗಿದಾಗ ಅದೂ ತಿರುಗಿತು. ಪೀರ್ ಸಾಬ್ ಅದರ ಕೊರಳನ್ನು ತೋಳಿನಿಂದ ಬಳಸಿ ಹಿಡಿದುಕೊಳ್ಳಬೇಕಾಯಿತು. ಬೀದಿಯ ತಿರುವಿನವರೆಗೂ ಅದು ಕೂಗಿತು. ಬೋರಯ್ಯ ಓಡುವವನ ಹಾಗೆ ನಡೆದ. ಬರಿಗೈಯಲ್ಲಿ ಮನೆಗೆ ಬಂದ.

ಆಮೇಲೆ ಅನ್ನ ಇಳಿಯಲಿಲ್ಲ. ಒಲೆಯ ಮುಂದೆ ಕೂತರೆ ಮಂಡಿಗೆ ಏನೋ ಗುದ್ದಿದಂತಾಗಿ ತಿರುಗಿ ನೋಡುತ್ತಿದ್ದ. ಕಂಬಳಿಯ ಕಡಿದ ಅಂಚನ್ನು ಕತ್ತರಿಸಿ ಬಿಸಾಡಿದ. ಬಿಸಾಡಿದ ಮೇಲೆ ಹೋಗಿ ಹುಡುಕಿದ, ಗಾಳಿ ಅದನ್ನು ಎಲ್ಲಿಗೋ ಒಯ್ದಿತ್ತು. ಗಂಡಸು ಅಳುತ್ತ ಕೂತ. ಯಾರಿಗೆ ಹೇಳುವುದು? ಮೇಕೆಗಾಗಿ ಅಳುತ್ತಾನೆ ಅಂದರೆ ಊರು ನಗುತ್ತದೆ. ಹೆಂಡತಿ ಸತ್ತಾಗಲೂ ಹೀಗೆ ಅತ್ತಿರಲಿಲ್ಲವಲ್ಲ ಅಂತ ಅವನಿಗೇ ನಾಚಿಕೆಯಾಯಿತು.

“ಪಾಪ, ಅವನಿಗೆ ಎಷ್ಟು ಸಂಕಟವಾಗಿರಬೇಡ!” ಎಂದ ಗುರುಸಿದ್ಧ.

“ಆಗಿತ್ತು, ಆಗಿತ್ತು. ಕಾಯಿ ಸುಲಿ, ಕೈ ನಿಲ್ಲಿಸಬೇಡ” ಎಂದು ಗುರುಗಳು ಮುಂದುವರಿಸಿದರು.

ಆಗ ಬೋರಯ್ಯ ಒಂದು ನಿಶ್ಚಯ ಮಾಡಿದ. ನಿನ್ನ ನಿಶ್ಚಯವೇ ಅನ್ನು. ಇನ್ನು ಮೇಲೆ ಮೇಕೆಗಳನ್ನು ಸಾಕುತ್ತೇನೆ, ಆದರೆ ಮುಟ್ಟುವುದಿಲ್ಲ. ಹೆಸರಿಡುವುದಿಲ್ಲ. ಮುಖ ನೋಡುವುದಿಲ್ಲ. ಮೇವು ಹಾಕುತ್ತೇನೆ, ನೀರು ಹಾಕುತ್ತೇನೆ, ಬೆಳೆದರೆ ಕಳಿಸುತ್ತೇನೆ. ಅವು ಅವುಗಳ ಪಾಡಿಗೆ, ನಾನು ನನ್ನ ಪಾಡಿಗೆ.

ಹಟವಾದಿ ಮನುಷ್ಯ, ಅಂದದ್ದನ್ನು ಮಾಡಿ ತೋರಿಸಿದ. ಬೇಲಿಯ ಹೊರಗಿನಿಂದಲೇ ಮೇವು ಸುರಿಯುವಂತೆ ಬಾನಿ ಕಟ್ಟಿದ. ಹೊರಗಿನಿಂದಲೇ ನೀರು ಹರಿಯುವಂತೆ ಕಾಲುವೆ ತೋಡಿದ. ಮರಿ ತಾಯಿಯನ್ನು ಸೇರದಿದ್ದರೆ, ಸೇರಿದರೆ ಸೇರಿತು ಇಲ್ಲದಿದ್ದರೆ ಇಲ್ಲ ಅಂತ ಬೆನ್ನು ತಿರುಗಿಸಿ ಹೋದ. ಯಾವುದನ್ನಾದರೂ ಬೇರ್ಪಡಿಸಬೇಕಾದರೆ ದೋಟಿ ಬಳಸಿದ.

ದೋಟಿ ಗೊತ್ತಲ್ಲ? ತುದಿಗೆ ಕೊಕ್ಕೆ ಇರುವ ಉದ್ದನೆಯ ಗಳು. ಮೇಕೆ ಕಾಯುವವರು ಅದರಿಂದ ಮರದ ಕೊಂಬೆ ಬಾಗಿಸಿ ಸೊಪ್ಪು ಇಳಿಸುತ್ತಾರೆ. ಬೇರೆಯವರ ಮೇಕೆಗಳು ದೋಟಿ ಕಂಡರೆ ಕುಣಿದು ಬರುತ್ತವೆ, ಸೊಪ್ಪು ಬಂತು ಅಂತ. ಬೋರಯ್ಯ ಅದೇ ಕೊಕ್ಕೆಯನ್ನು ಮೇಕೆಯ ಕಾಲಿಗೆ ಹಾಕಿ ಎಳೆದ. ಕೈ ಸೋಕಬಾರದಲ್ಲ, ಅದಕ್ಕೆ. ಅವನ ಮೇಕೆಗಳು ದೋಟಿ ಕಂಡರೆ ಬೇಲಿಯ ಮೂಲೆಗೆ ಹೋಗಿ ಒಂದರ ಮೇಲೊಂದು ಬೀಳತೊಡಗಿದವು. ಬರಬರುತ್ತ ದೋಟಿ ಬೇಕಾಗಲಿಲ್ಲ, ಅವನನ್ನು ಕಂಡರೇ ಸಾಕಾಯಿತು. ಹೇಗಾದರೂ ಆಗಲಿ, ದೂರವಿದ್ದರಾಯಿತು ಅಂದುಕೊಂಡ.

ಪೀರ್ ಸಾಬನಿಗೆ ಕೊಡುವುದನ್ನೂ ಬಿಟ್ಟ. ದೂರದ ಸಂತೆಗೆ ಒಯ್ಯುವ ಟೆಂಪೊದವನೊಬ್ಬನನ್ನು ಗೊತ್ತು ಮಾಡಿಕೊಂಡ. ಟೆಂಪೊ ಹಿಂದು ಹಿಂದಾಗಿ ರೊಪ್ಪದ ಬಾಯಿಗೆ ಬರುವುದು, ಹಲಗೆ ಇಡುವುದು, ಹಿಂದಿನಿಂದ ತಗಡು ಬಡಿಯುವುದು. ಹೆದರಿದ ಮೇಕೆಗಳು ತಾವೇ ಹತ್ತುತ್ತಿದ್ದವು. ಬೋರಯ್ಯ ಆ ಹೊತ್ತಿಗೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿರುತ್ತಿದ್ದ. ಆಚೆ ಬಂದಾಗ ರೊಪ್ಪದಲ್ಲಿ ಒಂದಿಷ್ಟು ಜಾಗ ಹೆಚ್ಚಾಗಿರುತ್ತಿತ್ತು, ಅಷ್ಟೆ. ಯಾವುದು ಹೋಯಿತು, ಯಾವುದು ಉಳಿಯಿತು, ಅವನಿಗೆ ತಿಳಿಯುತ್ತಲೂ ಇರಲಿಲ್ಲ.

ಕಂಡವರು ಹೊಗಳಿದರು. ಎಷ್ಟು ಅಚ್ಚುಕಟ್ಟು ನೋಡಿ, ಬಟ್ಟೆಗೆ ಒಂದು ಹಿಕ್ಕೆಯೂ ಅಂಟುವುದಿಲ್ಲ ಅಂದರು. ಅವನಿಗೂ ಹೆಮ್ಮೆಯಾಯಿತು. ಅನ್ನ ಸಲೀಸಾಗಿ ಇಳಿಯಿತು. ಗೆದ್ದೆ ಅಂದುಕೊಂಡ.

ಆದರೆ ತಮ್ಮಾ, ಮುಟ್ಟದಿರುವ ಚಾಳಿ ಕಲಿತ ಕೈ ಮೇಕೆಯ ಹತ್ತಿರ ಒಂದು ಥರ, ಮನುಷ್ಯರ ಹತ್ತಿರ ಇನ್ನೊಂದು ಥರ ಇರುತ್ತದೆಯೇ? ಅವನ ತಂಗಿ ಹನುಮಕ್ಕ ಹಸುಗೂಸನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದಳು. “ತಗೋ ಅಣ್ಣಾ, ನಿನ್ನ ಸೊಸೆ” ಅಂತ ಕೂಸನ್ನು ಚಾಚಿದಳು. ಬೋರಯ್ಯ ಕೈ ಹಿಂದಕ್ಕೆ ಕಟ್ಟಿಕೊಂಡ. ನಾಳೆ ಹೊರಟುಹೋಗುವ ಕೂಸು, ತೊಡೆಯ ಮೇಲೆ ಕೂರಿಸಿಕೊಂಡರೆ ಆಮೇಲೆ ತೊಡೆ ಬರಿದಾಗುತ್ತದೆ. “ಇರಲಿ ಬಿಡು, ನನ್ನ ಕೈ ಒರಟು, ಅತ್ತೀತು” ಅಂದ. ಹನುಮಕ್ಕ ಚಾಚಿದ ಕೈಯನ್ನು ಹಾಗೆಯೇ ಸ್ವಲ್ಪ ಹೊತ್ತು ಹಿಡಿದಿದ್ದಳು. ಆಮೇಲೆ ಕೂಸನ್ನು ಎದೆಗೆ ಅಪ್ಪಿಕೊಂಡು ಅಡುಗೆಮನೆಗೆ ಹೋದಳು. ಮಾರನೆಯ ದಿನ ಊರಿಗೆ ಹೋದವಳು ಮತ್ತೆ ಬರಲಿಲ್ಲ. ಬೋರಯ್ಯನಿಗೆ ಅದು ನೋವಾಯಿತು ಅಂತಲೂ ಹೇಳಲಾರೆ. ಮನೆ ಇನ್ನೊಂದಿಷ್ಟು ಸದ್ದಿಲ್ಲದ್ದಾಯಿತು. ಮಾತಾಡಲು ಯಾರೂ ಇಲ್ಲದೆ ದಿನಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದು, ಯಾರಾದರೂ ದಾರಿಹೋಕರು ಮಾತಾಡಿಸಿದರೆ ಗಂಟಲು ಕಟ್ಟಿ, ಕೆಮ್ಮಿ, ಆಮೇಲೆ ಮಾತು ಹೊರಡುತ್ತಿತ್ತು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಗುಡ್ಡದ ಬುಡವೆಲ್ಲ ಹಸಿರಾಯಿತು. ಬೋರಯ್ಯ ರೊಪ್ಪದ ಹಿಂದಿನ ಗೇಟು ತೆಗೆದು ಬಿಟ್ಟ. ಮೇಕೆಗಳು ಜೌಗಿನಲ್ಲಿ ಎದ್ದ ಎಳೆ ಹುಲ್ಲನ್ನು ಬುಡದವರೆಗೂ ಮೇಯ್ದವು. ಸುಲಭವಾಯಿತು, ಮೇವು ಸುರಿಯುವ ಕೆಲಸವೂ ತಪ್ಪಿತು. ಅವನು ಬೇಲಿಯ ಹೊರಗೆ ನಿಂತು ನೋಡಿದ. ಹೊಟ್ಟೆಗಳು ದುಂಡಗಾಗಿದ್ದವು. ಮೊದಲಿನ ಹಾಗೆ ಹಾರಾಡದೆ, ಒಂದನ್ನೊಂದು ಗುದ್ದಾಡದೆ, ತಣ್ಣಗೆ ನಿಂತಿರುತ್ತಿದ್ದವು. ಮೈ ಹಿಡಿದಿವೆ, ಭಾರಕ್ಕೆ ಅಲುಗಾಡುತ್ತಿಲ್ಲ ಅಂದುಕೊಂಡ. ಬೇಲಿಯಾಚೆಯಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಮೇಕೆಯ ಮೈಯನ್ನು ಕಣ್ಣು ಹೇಳುವುದಿಲ್ಲ, ಮಳೆಗಾಲದ ಕೂದಲು ಎಲ್ಲವನ್ನೂ ಮುಚ್ಚಿರುತ್ತದೆ. ಬೆನ್ನುಮೂಳೆಯ ಮೇಲೆ ಬೆರಳಿಟ್ಟು ಒತ್ತಿ ನೋಡಬೇಕು. ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ಕೆಂಪಿದೆಯೋ ಬಿಳುಚಿದೆಯೋ ನೋಡಬೇಕು. ಮೇಕೆ ಸಾಕುವ ಯಾರನ್ನಾದರೂ ಕೇಳು, ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಅದು. ಬೋರಯ್ಯನಿಗೂ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಿದ್ದ.

ಮಳೆಗೆ ಗಾಡಿದಾರಿ ಕೊಚ್ಚಿಹೋಗಿ ಟೆಂಪೊ ಬರಲಿಲ್ಲ. ಅಷ್ಟರಲ್ಲಿ ಪೀರ್ ಸಾಬ್ ಒಂದು ದಿನ ನಡೆದುಕೊಂಡೇ ಬಂದ. ಪೇಟೆಯಲ್ಲಿ ಮದುವೆಯೊಂದಿತ್ತು, ಅದಕ್ಕೆ ಮೇಕೆ ಬೇಕಾಗಿತ್ತು. ಅವನನ್ನು ಕಂಡು ಬೋರಯ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು ತಿರುಗಿದ. ಆದರೂ ಬೇಲಿಯತ್ತ ಕೈ ತೋರಿಸಿದ. “ನೋಡಿಕೊಳ್ಳಿ ಸಾಬ್ರೇ. ಚೆನ್ನಾಗಿ ಮೈ ತುಂಬಿವೆ.”

ಪೀರ್ ಸಾಬ್ ಚಪ್ಪಲಿ ಬಿಟ್ಟು ರೊಪ್ಪದೊಳಗೆ ಹೋದ. ಯಾವುದನ್ನೂ ಹಿಡಿಯಲು ಹೋಗಲಿಲ್ಲ. ನಡುವೆ ಕುಕ್ಕರುಗಾಲಲ್ಲಿ ಕೂತು, ಎರಡು ಕೈಯನ್ನೂ ಮಂಡಿಯ ಮೇಲೆ ಬಿಟ್ಟು, ನಾಲಿಗೆಯಿಂದ ಸಣ್ಣಗೆ ಸದ್ದು ಮಾಡಿದ. ಮೂಲೆಯಲ್ಲಿ ಗುಂಪಾಗಿದ್ದ ಮೇಕೆಗಳು ನೋಡಿದವು. ಒಂದು ಮೇಕೆ ಒಂದು ಹೆಜ್ಜೆ ಮುಂದೆ ಬಂತು, ನಿಂತಿತು, ಮತ್ತೆ ಬಂತು. ಅವನ ಬೆರಳನ್ನು ಮೂಸಿತು. ಅವನು ಅದರ ಕಿವಿಯ ಬುಡ ತುರಿಸಿದ. ಅದು ಕಣ್ಣು ಮುಚ್ಚಿ ತಲೆಯನ್ನು ಪೂರ್ತಿಯಾಗಿ ಅವನ ಅಂಗೈಗೆ ಊರಿಬಿಟ್ಟಿತು. ಅದರ ಹಿಂದೆ ಇನ್ನೊಂದು ಬಂತು.

ಬೇಲಿಯ ಹೊರಗೆ ಬೋರಯ್ಯ ಕಂಬ ಹಿಡಿದು ನಿಂತಿದ್ದ. ಮೇವು ಹಾಕಿದವನು ಅವನು, ನೀರು ಹಾಕಿದವನು ಅವನು. ಅವನು ಒಳಗೆ ಕಾಲಿಟ್ಟರೆ ಓಡಿಹೋಗುವ ಮೇಕೆಗಳು, ತಮ್ಮನ್ನು ಕೊಯ್ಯಲು ಬಂದವನ ಅಂಗೈಯಲ್ಲಿ ತಲೆ ಇಟ್ಟಿದ್ದವು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚು ತಮ್ಮಾ. ಕಟುಕನನ್ನು ಕಂಡು ಹೊಟ್ಟೆಕಿಚ್ಚು ಪಟ್ಟವನು ಲೋಕದಲ್ಲಿ ಅವನೊಬ್ಬನೇ ಇರಬೇಕು.

ಪೀರ್ ಸಾಬನ ಕೈ ಬೆನ್ನಿನ ಮೇಲೆ ಹೋಯಿತು. ಅಲ್ಲಿಯೇ ನಿಂತಿತು. ಅವನು ಮೇಕೆಯ ಕಣ್ಣಿನ ರೆಪ್ಪೆ ಎಳೆದು ನೋಡಿದ, ಗದ್ದದ ಕೆಳಗೆ ಒತ್ತಿ ನೋಡಿದ. ಇನ್ನೊಂದನ್ನೂ ನೋಡಿದ.

“ಬೋರಣ್ಣ, ಇವು ಮೈ ತುಂಬಿದ್ದಲ್ಲ. ಹೊಟ್ಟೆಯಲ್ಲಿ ಹುಳ ತುಂಬಿವೆ. ಕಣ್ಣಲ್ಲಿ ರಕ್ತವೇ ಇಲ್ಲ, ಗದ್ದದಲ್ಲಿ ನೀರು ಇಳಿದಿದೆ. ಬೆನ್ನು ಮುಟ್ಟಿದರೆ ಬರೀ ಮೂಳೆ. ನೀನು ಮುಟ್ಟಿ ನೋಡಲೇ ಇಲ್ಲವೇನಪ್ಪ?”

“ನಾನು ಮುಟ್ಟುವುದು ಬಿಟ್ಟಿದ್ದೇನೆ ಸಾಬ್ರೇ. ಮುಟ್ಟಿ ಸಾಕಿದರೆ ಕೊಡುವಾಗ ಸಂಕಟವಾಗುತ್ತದೆ.”

ಪೀರ್ ಸಾಬ್ ಕೂತಲ್ಲಿಂದಲೇ ತಲೆ ಎತ್ತಿದ. ಮೇಕೆಯ ತಲೆ ಇನ್ನೂ ಅವನ ಅಂಗೈಯಲ್ಲೇ ಇತ್ತು.

“ಕೊನೆಗೆ ಹಿಡಿಯುವ ಕೈ ನನ್ನದು, ಅದು ನನ್ನ ಕಸುಬು. ಮೊದಲು ಹಿಡಿದ ಕೈಯೂ ನನ್ನದೇ ಆಯಿತು ಅಂದರೆ, ನಡುವೆ ಇವಕ್ಕೆ ಏನಿತ್ತು ಬೋರಣ್ಣ?”

ಅವನು ಒಂದನ್ನೂ ಕೊಳ್ಳಲಿಲ್ಲ. ಪೇಟೆಯ ದನದ ಆಸ್ಪತ್ರೆಯಲ್ಲಿ ಹುಳದ ಔಷಧಿ ಸಿಗುತ್ತದೆ, ಒಂದೊಂದನ್ನೂ ಹಿಡಿದು ಬಾಯಿಗೆ ಹುಯ್ಯಬೇಕು, ಜೌಗಿನ ಹುಲ್ಲು ಬಿಡಿಸಿ ಒಣಮೇವು ಹಾಕಬೇಕು, ತಡಮಾಡಿದರೆ ಒಂದೂ ಉಳಿಯುವುದಿಲ್ಲ ಅಂತ ಹೇಳಿ ಹೋದ.

ಬೋರಯ್ಯ ಅಂದೇ ಪೇಟೆಗೆ ಹೋಗಿ ಔಷಧಿ ತಂದ. ಹಿಂದಿನ ಗೇಟು ಮುಚ್ಚಿ, ಸೀಸೆ ಹಿಡಿದು ರೊಪ್ಪಕ್ಕೆ ಇಳಿದ. ಮೇಕೆಗಳು ಎದ್ದೆನೋ ಬಿದ್ದೆನೋ ಅಂತ ಮೂಲೆಗೆ ಓಡಿದವು. ಅವನು ಮೂಲೆಗೆ ಹೋದ, ಅವು ಇನ್ನೊಂದು ಮೂಲೆಗೆ ಹೋದವು. ಬಾ ಬಾ ಅಂತ ಕರೆದ. ಅವುಗಳಿಗೆ ಅವನ ಧ್ವನಿಯೇ ಪರಿಚಯವಿಲ್ಲ. ಹೊತ್ತು ಕಳೆಯುತ್ತಿತ್ತು, ಅವನಿಗೆ ಗಾಬರಿ ಹತ್ತಿತು. ಹಾಳಾದ ಕೈ, ಅದಕ್ಕೆ ಗೊತ್ತಿದ್ದದ್ದು ಒಂದೇ ಉಪಾಯ. ದೋಟಿ ತಂದ. ಒಂದು ಹೆಣ್ಣುಮೇಕೆಯ ಹಿಂಗಾಲಿಗೆ ಕೊಕ್ಕೆ ಹಾಕಿ ಎಳೆದ. ಅದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕಿತ್ತುಕೊಂಡು ಓಡಿತು, ನಾಲ್ಕು ಹೆಜ್ಜೆ ಹೋಗಿ ಮುಗ್ಗರಿಸಿತು, ಮತ್ತೆ ಏಳಲಿಲ್ಲ.

ಅವನು ದೋಟಿ ಬಿಸಾಡಿ ಹತ್ತಿರ ಹೋದ. ಅದು ಎದ್ದು ಓಡಲಾರದೆ ಇದ್ದದ್ದರಿಂದ ಅವನ ಕೈಗೆ ಸಿಕ್ಕಿತು. ಎಷ್ಟೋ ವರ್ಷಗಳ ಮೇಲೆ ಬೋರಯ್ಯ ಒಂದು ಮೇಕೆಯ ಮೈ ಮುಟ್ಟಿದ. ಕೂದಲಿನ ಕೆಳಗೆ ಏನೂ ಇರಲಿಲ್ಲ, ಪಕ್ಕೆಲುಬು ಒಂದೊಂದೂ ಬೆರಳಿಗೆ ಸಿಕ್ಕಿತು. ಅದರ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಔಷಧಿ ಹುಯ್ದ, ಅದು ಕಟವಾಯಿಯಿಂದ ಹೊರಗೆ ಹರಿಯಿತು. ಮೇಕೆಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ರೋಗಕ್ಕಲ್ಲ, ಇವನು ಹಿಡಿದುಕೊಂಡಿದ್ದಾನಲ್ಲ, ಆ ಹೆದರಿಕೆಗೆ. ಅವನಿಗದು ಅರ್ಥವಾಯಿತು. ಸವರಿದಷ್ಟೂ ನಡುಗಿತು. ಸವರುವುದನ್ನು ನಿಲ್ಲಿಸಿದ, ಆಗಲೂ ನಡುಗಿತು. ಬಿಟ್ಟು ದೂರ ಹೋಗಲೇ, ಇಟ್ಟುಕೊಂಡಿರಲೇ ಅಂತ ತಿಳಿಯದೆ ಕೂತಿದ್ದಾಗಲೇ ಅದರ ಉಸಿರು ನಿಂತಿತು.

ಮೇಕೆಯನ್ನು ಹೂತು ಬಂದ. ಮತ್ತೆ ರೊಪ್ಪದೊಳಗೆ ಹೋಗಿ ಪೀರ್ ಸಾಬ್ ಕೂತಿದ್ದ ಜಾಗದಲ್ಲೇ ಕೂತ. ಅವನ ಹಾಗೆಯೇ ಮಂಡಿಯ ಮೇಲೆ ಕೈ ಬಿಟ್ಟ, ಅವನ ಹಾಗೆಯೇ ನಾಲಿಗೆಯಲ್ಲಿ ಸದ್ದು ಮಾಡಿದ. ಒಂದೂ ಬರಲಿಲ್ಲ. ಪೀರ್ ಸಾಬನ ಹತ್ತಿರ ಅವಕ್ಕೆ ಹಳೆಯ ಲೆಕ್ಕವಿರಲಿಲ್ಲ, ಇವನ ಹತ್ತಿರ ಇತ್ತು. ಇಡೀ ರೊಪ್ಪದ ತುಂಬ ತನ್ನವೇ ಮೇಕೆಗಳು, ನಡುವೆ ತಾನೊಬ್ಬ, ಸುತ್ತ ಬರಿ ನೆಲ. ಬೋರಯ್ಯ ಆ ಹೊತ್ತು ಎಷ್ಟು ಒಂಟಿಯಾಗಿದ್ದ ಅಂದರೆ, ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದಾಗಲೂ ಅಷ್ಟು ಒಂಟಿಯಾಗಿರಲಿಲ್ಲ.

ಆದರೆ ಎದ್ದು ಹೋಗಲಿಲ್ಲ. ಮುದ್ದೆಯನ್ನು ಅಲ್ಲಿಗೇ ತಂದು ತಿಂದ, ಕಂಬಳಿಯನ್ನು ಅಲ್ಲಿಗೇ ತಂದು ಹಾಸಿದ. ಮಳೆ ಬಂದರೆ ಅವು ನಿಂತ ಸೂರಿನ ಕೆಳಗೆ ಒಂದು ಅಂಚಿನಲ್ಲಿ ತಾನೂ ನಿಂತ. ಬಾಯಿಗೆ ಬಂದದ್ದನ್ನು ಮಾತಾಡಿದ, ಅವು ಧ್ವನಿಗಾದರೂ ಒಗ್ಗಲಿ ಅಂತ. ಏನು ಮಾತಾಡುವುದು? ಹೆಂಡತಿಯ ಬಗ್ಗೆ ಹೇಳಿದ. ತಂಗಿಯ ಕೂಸಿಗೆ ಈಗ ಹಲ್ಲು ಬಂದಿರಬೇಕು ಅಂದ. ನಡುನಡುವೆ ಒಂದೊಂದು ಮೇಕೆ ಸಾಯುತ್ತಲೇ ಇತ್ತು. ಹೋಗಿ ಹೂಳುವುದು, ಬಂದು ಕೂರುವುದು.

ಒಂದು ಬೆಳಿಗ್ಗೆ ಅಂಗೈಯಲ್ಲಿ ಶೇಂಗಾ ಹೊಟ್ಟು ಇಟ್ಟುಕೊಂಡು ತೂಕಡಿಸುತ್ತಿದ್ದ. ಕೈಗೆ ಬಿಸಿ ಉಸಿರು ತಾಕಿತು. ಕಣ್ಣು ಬಿಡಲಿಲ್ಲ, ಮಿಸುಕಲಿಲ್ಲ. ಮೇಕೆ ಹೊಟ್ಟು ತಿಂದಿತು, ಆಮೇಲೆ ಖಾಲಿ ಅಂಗೈಯನ್ನು ನೆಕ್ಕಿತು. ಬೋರಯ್ಯ ಮೆಲ್ಲಗೆ ಬೆರಳು ಚಾಚಿ ಅದರ ಕಿವಿಯ ಬುಡ ಮುಟ್ಟಿದ. ಅದು ಓಡಲಿಲ್ಲ.

ಉಳಿದವು ಒಂದೊಂದಾಗಿ ಬಂದವು. ಬಂದವಕ್ಕೆ ಔಷಧಿ ಹುಯ್ದ. ರೊಪ್ಪದಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಉಳಿದವು ಚೇತರಿಸಿಕೊಂಡವು. ದಿನವೂ ಬೆಳಿಗ್ಗೆ ಅವನು ಒಂದೊಂದರ ಬೆನ್ನನ್ನೂ ಬೆರಳಿಂದ ಒತ್ತಿ ನೋಡುತ್ತಿದ್ದ. ಮೂಳೆಯ ಮೇಲೆ ಮಾಂಸ ಕೂರುವುದು ಕೈಗೆ ತಿಳಿಯುತ್ತಿತ್ತು. ತಿಳಿದಾಗಲೆಲ್ಲ ಖುಷಿಯಾಗುತ್ತಿತ್ತು, ಖುಷಿಯ ಹಿಂದೆಯೇ ಎದೆ ಕುಸಿಯುತ್ತಿತ್ತು. ಮೈ ತುಂಬಿತು ಅಂದರೆ ಹೋಗುವ ಹೊತ್ತು ಹತ್ತಿರ ಬಂತು ಅಂತಲೇ ಅಲ್ಲವೇ? ಆದರೂ ಮಾರನೆಯ ಬೆಳಿಗ್ಗೆ ಮತ್ತೆ ಒತ್ತಿ ನೋಡುತ್ತಿದ್ದ.

ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ಗಂಡು ಬೆಳೆದು ನಿಂತಿತು. ಬೋರಯ್ಯ ಟೆಂಪೊದವನಿಗೆ ಹೇಳಿಕಳಿಸಲಿಲ್ಲ. ತಾನೇ ಅದರ ಜೊತೆಯಲ್ಲಿ ಪೇಟೆಗೆ ನಡೆದ. ಈ ಸಲ ಅಂಗಡಿಯ ಮುಂದೆ ಬಿಟ್ಟು ತಿರುಗಿ ಬರಲಿಲ್ಲ. ಪೀರ್ ಸಾಬ್ ಕೊಯ್ಯುವ ಮೊದಲಿನ ವಾಡಿಕೆಯಂತೆ ನೀರು ತಂದಾಗ ಬಟ್ಟಲನ್ನು ಬೋರಯ್ಯ ಇಸಿದುಕೊಂಡು ತಾನೇ ಕುಡಿಸಿದ. ಮೇಕೆ ಕುಡಿದು ಒದ್ದೆ ಮೂತಿಯನ್ನು ಅವನ ಅಂಗಿಗೆ ಒರೆಸಿತು. ಅವನು ಒಂದು ಕೈಯನ್ನು ಅದರ ಕೊರಳ ಮೇಲಿಟ್ಟು, ಕಿವಿಯ ಬುಡ ತುರಿಸುತ್ತ, ಕೊನೆಯವರೆಗೂ ಪಕ್ಕದಲ್ಲೇ ಇದ್ದ. ಅದರ ಎದೆ ಎಂದಿನ ಹಾಗೆಯೇ ಬಡಿಯುತ್ತಿದ್ದದ್ದು ಅವನ ಕೈಗೆ ತಿಳಿಯುತ್ತಿತ್ತು.

ಮನೆಗೆ ಬಂದವನು ಒಲೆ ಹಚ್ಚಲಿಲ್ಲ. ಬಾಗಿಲು ತೆರೆದೇ ಇಟ್ಟುಕೊಂಡು, ಬಾಗಿಲಲ್ಲೇ ಕೂತು, ಹೋಗುವವರು ಬರುವವರು ನೋಡುವಂತೆಯೇ ಅತ್ತ. ಕೆಲವರು ನಕ್ಕರು. ಮತ್ತೆ ಹಳೆಯ ಹುಚ್ಚು ಹಿಡಿಯಿತು ಅಂದರು. ಬೆಳಗಾದ ಮೇಲೆ ಎದ್ದು ಮುಖ ತೊಳೆದು ರೊಪ್ಪಕ್ಕೆ ಹೋಗಿ ಉಳಿದವುಗಳ ಬೆನ್ನು ಒತ್ತಿ ನೋಡಿದ. ಬದುಕಿರುವವರೆಗೂ ಹಾಗೆಯೇ ನಡೆಸಿದ.

ಗುರುಗಳು ಕತೆ ನಿಲ್ಲಿಸಿ ಮಡಿಲಿನ ಸಿಪ್ಪೆ ಕೊಡವಿದರು.

ಗುರುಸಿದ್ಧ ಇನ್ನೂ ಏನೋ ಬರುವುದಿದೆ ಎಂದು ಕಾದ. ಏನೂ ಬರಲಿಲ್ಲ. ಅವನಿಗೆ ಸಮಾಧಾನವಾಗಲಿಲ್ಲ, ಸ್ವಲ್ಪ ಸಿಟ್ಟೇ ಬಂದಿತ್ತು.

“ಹಾಗಾದರೆ ಬುದ್ಧೀ, ಅಷ್ಟೆಲ್ಲ ಆದ ಮೇಲೂ ಅವನ ನೋವು ಹೋಗಲಿಲ್ಲ?”

“ಹೋಗಲಿಲ್ಲ.”

“ಪ್ರತಿ ಸಲವೂ ಅಳುತ್ತಿದ್ದ?”

“ಪ್ರತಿ ಸಲವೂ.”

“ಮುಟ್ಟದೆ ಇದ್ದಾಗ ಅಳು ಇರಲಿಲ್ಲ, ಮುಟ್ಟಿದ ಮೇಲೆ ಸಾಯುವವರೆಗೂ ಅಳು. ಮತ್ತೆ ಅವನಿಗೆ ಸಿಕ್ಕಿದ್ದಾದರೂ ಏನು?”

ಗುರುಗಳು ಮೊದಲ ಬಾರಿಗೆ ತಲೆ ಎತ್ತಿ ಅವನ ಮುಖ ನೋಡಿದರು.

“ಆಗಿನಿಂದ ಬೋರಯ್ಯನ ನೋವನ್ನೇ ವಿಚಾರಿಸುತ್ತಿದ್ದೀಯಲ್ಲ ಮಗನೇ, ಮೇಕೆಗಳಿಗೆ ಹೇಗಿತ್ತು ಅಂತ ಒಂದು ಸಲವಾದರೂ ಕೇಳಿದೆಯಾ?”